ತೋಟದ ಮನೆಗೆ ಯಾವ ಫೈಬರ್ ಇಂಟರ್ನೆಟ್? ಲ್ಯಾಂಡ್‌ಲೈನ್ ಇಟ್ಟುಕೊಳ್ಳಬೇಕೇ?

ಪ್ರಶ್ನೆ: ಬದಿಯಡ್ಕದಿಂದ ಒಳಗೆ ಮನೆ, ಮೊಬೈಲ್ ರೇಂಜ್ ಕಡಿಮೆ. ಬಿಎಸ್‌ಎನ್‌ಎಲ್, ಕೇರಳ ವಿಷನ್, ಕೇರಳ ಸರಕಾರದ ಕೆಫೋನ್ ಇವುಗಳಲ್ಲಿ ಯಾವುದು ಒಳ್ಳೆಯದು? ಹಳೆಯ ತಾಮ್ರದ ಲೈನಿನ ನಂಬರ್ ಬಿಡಲೇ?

ಉತ್ತರ 1: ಕಂಪೆನಿಯ ಹೆಸರಿಗಿಂತ ನಿಮ್ಮ ಕಡೆ ಕೇಬಲ್ ನೋಡಿಕೊಳ್ಳುವವರು ಯಾರು ಎಂಬುದು ಮುಖ್ಯ. ಮಳೆಗಾಲದಲ್ಲಿ ಸೋಗೆ ಬಿದ್ದು ವಯರು ಕಡಿದರೆ ಜೋಡಿಸಲು ಸ್ಪ್ಲೈಸಿಂಗ್ ಮೆಷಿನ್ ಬೇಕು. ಅದು ಹತ್ತಿರ ಯಾರಲ್ಲಿದೆ ಎಂದು ಮೊದಲು ವಿಚಾರಿಸಿ. ಕನೆಕ್ಷನ್ ಕೊಟ್ಟ ದಿನವೇ ವಯರಿನಲ್ಲಿ ಬರುವ ಬೆಳಕಿನ ಬಲವನ್ನು ಪವರ್ ಮೀಟರಿನಲ್ಲಿ ಅಳೆಸಿ. ಮೈನಸ್ 20 ಡಿಬಿಎಂ (ಬೆಳಕಿನ ಬಲದ ಅಳತೆ) ಆಸುಪಾಸು ಇದ್ದರೆ ಚೆನ್ನ. ಮೈನಸ್ 27 ದಾಟಿ ಮೈನಸ್ 28, 29 ಆದರೆ ಲೈನ್ ಆಗಾಗ ಕೈಕೊಡುತ್ತದೆ. ಹೆಚ್ಚಾಗಿ ವಯರು ಎಲ್ಲೋ ಮಡಚಿರುತ್ತದೆ, ಇಲ್ಲವೇ ಕನೆಕ್ಟರಿನಲ್ಲಿ ಧೂಳು. ಮೋಡೆಮಿನ ಎಲ್‌ಓಎಸ್ ದೀಪ ಕೆಂಪಾದರೆ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ, ಬೆಳಕೇ ಬರುತ್ತಿಲ್ಲ ಎಂದರ್ಥ.

ಉತ್ತರ 2: ನಂಬರ್ ಬೇಕಾದರೆ ಬಿಎಸ್‌ಎನ್‌ಎಲ್‌ನಲ್ಲೇ ಫೈಬರಿಗೆ ಬದಲಿಸಲು ಅರ್ಜಿ ಕೊಡಿ, ಅದೇ ನಂಬರ್ ಉಳಿಸಿಕೊಳ್ಳಬಹುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಹಳೆಯದನ್ನು ಮೊದಲು ಸರೆಂಡರ್ ಮಾಡಬೇಡಿ. ಬೇರೆ ಕಂಪೆನಿಗೆ ಹೋದರೆ ಲ್ಯಾಂಡ್‌ಲೈನ್ ನಂಬರ್ ಜೊತೆಗೆ ಬರುವುದಿಲ್ಲ.

ಉತ್ತರ 3: ಒಂದು ಎಚ್ಚರಿಕೆ. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟು ಬರುತ್ತದೆ, ಫೈಬರಿನ ಫೋನಿಗೆ ಹಾಗಲ್ಲ. ಕರೆಂಟು ಹೋದರೆ ಫೋನೂ ಸತ್ತಂತೆ. ಅಡಾಪ್ಟರಿನ ಮೇಲೆ 12 ವೋಲ್ಟ್ 1 ಆಂಪ್ ಎಂದಿದ್ದರೆ ಅದೇ ವೋಲ್ಟಿನ, ಅಷ್ಟಾದರೂ ಆಂಪ್ ಕೊಡುವ ಮಿನಿ ಯುಪಿಎಸ್ ಹಾಕಿ. ಸಿಡಿಲಿಗೆ ಫೈಬರ್ ಹೆದರದು, ಆದರೆ ಅಡಾಪ್ಟರ್ ಹೆದರುತ್ತದೆ! ಗುಡುಗು ಶುರುವಾದಾಗ ಪ್ಲಗ್ ಕಳಚಿ, ಯುಪಿಎಸ್ ಬ್ಯಾಟರಿಯಲ್ಲೇ ನಡೆಯಲಿ.