ಹಯವದನಕ್ಕೆ ಸಂಗೀತ ಮಾಡಬೇಕು, ಕಾರಂತರಿಂದ ಏನು ಕಲಿಯಲಿ?

ಕೇಳಿದವರು: ನಮ್ಮೂರ ತಂಡ ಗಿರೀಶ ಕಾರ್ನಾಡರ ‘ಹಯವದನ’ ನಾಟಕ ಆಡ್ತಿದೆ. ಸಂಗೀತ ನನ್ನ ಪಾಲಿಗೆ ಬಂದಿದೆ. ಹಾರ್ಮೋನಿಯಂ ಬರುತ್ತೆ, ನಾಟಕದ ರೂಢಿ ಇಲ್ಲ. ಎಲ್ಲರೂ ರಂಗಸಂಗೀತಕ್ಕೆ ಹೆಸರಾದ ನಿರ್ದೇಶಕ ಬಿ.ವಿ. ಕಾರಂತರನ್ನು ನೋಡಿ ಕಲಿ ಅಂತಾರೆ. ಎಲ್ಲಿಂದ ಶುರು ಮಾಡಲಿ?

ಸಾಗರದಿಂದ: ಮೊದಲು ರಿಹರ್ಸಲ್‌ಗೆ ಹೋಗಿ ಕೂತ್ಕೊಳ್ಳಿ, ಟ್ಯೂನ್ ಆಮೇಲೆ. ನಾನು ಮೊದಲ ನಾಟಕಕ್ಕೆ ಮನೆಯಲ್ಲೇ ಆರು ಹಾಡು ಕಟ್ಟಿಕೊಂಡು ಹೋಗಿದ್ದೆ. ನಟರಿಗೆ ಶ್ರುತಿ ಎಟುಕಲಿಲ್ಲ, ಐದನ್ನು ಬಿಟ್ಟೆವು. ಕಾರಂತರು ಅಭ್ಯಾಸದ ಜಾಗದಲ್ಲೇ, ನಟರ ಬಾಯಲ್ಲಿ ಮಾತು ಹೊರಳುವ ರೀತಿ ಕೇಳುತ್ತಾ ಹಾಡು ಕಟ್ಟುತ್ತಿದ್ದರು. ಕಲ್ಲು, ಡಬ್ಬ ಏನು ಸಿಕ್ಕರೂ ಅವರಿಗೆ ವಾದ್ಯವೇ. ಆಮೇಲೆ ಒಂದು ಕಾಡಿನ ದೃಶ್ಯಕ್ಕೆ ನಾವು ಒಣಗಿದ ಅಡಿಕೆ ಹಾಳೆಯನ್ನು ನೆಲದ ಮೇಲೆ ಎಳೆದೆವು. ಕೀಬೋರ್ಡಲ್ಲಿ ಎಷ್ಟು ಹುಡುಕಿದರೂ ಸಿಗದಿದ್ದ ಸದ್ದು ಅದು.

ಮೈಸೂರಿಂದ: ಕಾರಂತರ ಧಾಟಿಯನ್ನು ಮಾತ್ರ ನಕಲು ಮಾಡಬೇಡಿ. 1929ರಲ್ಲಿ ಬಂಟ್ವಾಳ ತಾಲೂಕಿನ ಮಂಚಿಯಲ್ಲಿ ಹುಟ್ಟಿದವರು, ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ವೀರಣ್ಣನವರೇ ಓದಲು ಕಾಶಿಗೆ ಕಳಿಸಿದರು, ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತರು. ಯಕ್ಷಗಾನದ ಚೆಂಡೆ, ಕಂಪನಿಯ ರಂಗಗೀತೆ, ಹಿಂದೂಸ್ತಾನಿ ರಾಗ ಮೂರೂ ಒಂದೇ ಕಿವಿಯಲ್ಲಿ! ನಿಮ್ಮ ಕಿವಿಯಲ್ಲಿ ಏನಿದೆ? ಭಜನೆಯೋ, ಸೋಬಾನೆಯೋ? ಅಲ್ಲಿಂದ ಹೊರಡಿ. ಅವರು ಹೇಳಿ ವೈದೇಹಿಯವರು ಬರೆದುಕೊಂಡ ಆತ್ಮಕಥೆ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ಓದಿ. ನಾನು ಎರಡು ಸಲ ಓದಿದ್ದೇನೆ.

ಬೆಂಗಳೂರಿಂದ: ಕಾರಂತರು ಸಂಗೀತ ಕೊಟ್ಟ ಸಿನಿಮಾಗಳನ್ನೂ ನೋಡಿ. ‘ಋಷ್ಯಶೃಂಗ’, ‘ಘಟಶ್ರಾದ್ಧ’ ಎರಡಕ್ಕೂ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂದಿದೆ. ನನಗೆ ಹೆಚ್ಚು ಕಲಿಸಿದ್ದು ಅವರೇ ನಿರ್ದೇಶಿಸಿದ ‘ಚೋಮನ ದುಡಿ’ (1975). ಚೋಮ ಬಾಯಲ್ಲಿ ಹೇಳಲಾಗದ ಸಿಟ್ಟು, ಸಂಕಟ ಎಲ್ಲ ದುಡಿ ಅನ್ನೋ ಚರ್ಮವಾದ್ಯದಲ್ಲೇ ಬರುತ್ತೆ. ಅಲ್ಲಿ ವಾದ್ಯ ಹಿನ್ನೆಲೆಯಲ್ಲಿಲ್ಲ, ಪಾತ್ರದ ಕೈಯಲ್ಲಿದೆ. ನಿಮ್ಮ ನಾಟಕದಲ್ಲೂ ಯಾವ ಸದ್ದು ಯಾರದು ಅಂತ ಮೊದಲು ಗೊತ್ತುಮಾಡಿಕೊಳ್ಳಿ.

ಉಡುಪಿಯಿಂದ: ಸಾಗರದವರ ಮಾತು ಸರಿ, ಆದರೆ ತೀರಾ ಬರಿಗೈಲಿ ಹೋಗಬೇಡಿ. ಹಯವದನದಲ್ಲಿ ಕಥೆ ನಡೆಸುವವರು ಭಾಗವತರು. ಆ ಪಾತ್ರ ಮಾಡುವವರನ್ನು ಕೂರಿಸಿಕೊಂಡು ಅವರ ಶ್ರುತಿ ಹಾರ್ಮೋನಿಯಂನ ಬಿಳಿ ನಾಲ್ಕೋ ಕಪ್ಪು ಒಂದೋ ಅಂತ ಮೊದಲ ದಿನವೇ ಹಾಡಿಸಿ ನೋಡಿ. ಉಳಿದ ಹಾಡುಗಳನ್ನು ಆ ಶ್ರುತಿಗೆ ಹೊಂದಿಸಬಹುದು.

ಕೇಳಿದವರು: ನಮ್ಮ ಭಾಗವತರು ಮೇಷ್ಟ್ರು, ಗಂಟಲು ದಪ್ಪ. ಭಾನುವಾರ ಅವರ ಮನೆಗೇ ಹಾರ್ಮೋನಿಯಂ ತಗೊಂಡು ಹೋಗ್ತೀನಿ.