ಲೈಬ್ರರಿಯನ್ ಮೇಡಂ ಜೊತೆ ಪ್ರಶ್ನೋತ್ತರ: ನಾವು ಓದಿದ್ದು ಯಾರಿಗೆಲ್ಲ ಗೊತ್ತಾಗುತ್ತದೆ?

ಅಡ್ಮಿನ್: ಕಾಸರಗೋಡು ಕಡೆಯ ಕಾಲೇಜೊಂದರ ಲೈಬ್ರರಿಯನ್ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಉಪ್ಪಳದ ಹುಡುಗ: ಮೇಡಂ, ವಾಪಸ್ ಕೊಟ್ಟ ಪುಸ್ತಕದ ಲೆಕ್ಕ ಅಳಿಸಿ ಹೋಗುತ್ತದಾ?

ಲೈಬ್ರರಿಯನ್: ತಾನಾಗಿ ಅಳಿಯುವುದಿಲ್ಲ. ನಿಮ್ಮಲ್ಲಿ ಕೊಹಾ ಎಂಬ ಲೈಬ್ರರಿ ಸಾಫ್ಟ್‌ವೇರ್ ಇದ್ದು, ಲೈಬ್ರರಿಯವರು ಆ ಸೌಲಭ್ಯ ತೆರೆದಿದ್ದರೆ, ನಿಮ್ಮ ಖಾತೆಯಲ್ಲಿ ಪ್ರೈವೆಸಿ ಅಂತ ಕಾಣುತ್ತದೆ. ಅಲ್ಲಿ 'ನೆವರ್' ಆರಿಸಿದರೆ ಮರಳಿಸಿದ ಪುಸ್ತಕದ ದಾಖಲೆಯಿಂದ ನಿಮ್ಮ ಹೆಸರು ಕಳಚುತ್ತದೆ. ಕೈಯಲ್ಲಿರುವ ಪುಸ್ತಕದ್ದು ಇರಲೇಬೇಕಲ್ಲ.

ಕುಂಬಳೆ ಓದುಗ: "ಇನ್‌ಕಾಗ್ನಿಟೋದಲ್ಲಿ ಓದಿ, ಕಾಲೇಜಿಗೆ ಏನೂ ತಿಳಿಯದು, 10 ಜನರಿಗೆ ಕಳಿಸಿ" ಅಂತ ಬಂದಿದೆ. ಹೌದಾ?

ಲೈಬ್ರರಿಯನ್: ಅಲ್ಲ. ನಿಮ್ಮ ಬ್ರೌಸರಿನಲ್ಲಿ ಹಿಸ್ಟರಿ ಉಳಿಯುವುದಿಲ್ಲ, ಅಷ್ಟೇ. ಯಾವ ಸೈಟಿಗೆ ಹೋದಿರಿ ಎಂದು ವೈಫೈ ನೋಡಿಕೊಳ್ಳುವವರಿಗೆ ತಿಳಿಯಬಹುದು. ಲಾಗಿನ್ ಆದರೆ ಆ ಸೈಟಿಗಂತೂ ತಿಳಿದೇ ತಿಳಿಯುತ್ತದೆ.

ಪೆರ್ಲದ ಸಂಶೋಧಕ: ಥೀಸಿಸನ್ನು ನಕಲು ಪತ್ತೆ ಮಾಡುವ ಡ್ರಿಲ್‌ಬಿಟ್‌ನಲ್ಲಿ ಚೆಕ್ ಮಾಡಿಸಿದರೆ ಪ್ರತಿ ಅಲ್ಲೇ ಉಳಿಯುತ್ತದಾ ಮೇಡಂ?

ಹೆಸರು ಬೇಡ: ಮೇಡಂ, ನಿನ್ನೆ ನಮ್ಮ ಕ್ಲಾಸ್ ಗುಂಪಿಗೆ, ಪುಸ್ತಕ ವಾಪಸ್ ಕೊಡಬೇಕಾದವರ ಡ್ಯೂ ಲಿಸ್ಟ್ ಹಾಕಿದರು. ಹೆಸರು, ಫೋನ್ ನಂಬರ್, ಪುಸ್ತಕದ ಹೆಸರು ಎಲ್ಲ ಇದೆ. ನನ್ನ ಹೆಸರಿನ ಮುಂದೆ ಖಿನ್ನತೆಯ ಬಗ್ಗೆ ಎರಡು ಪುಸ್ತಕ. ಚಿಕ್ಕಪ್ಪನ ಮಗ ಅದೇ ಕ್ಲಾಸ್. ಈಗ ಮನೆಯಲ್ಲಿ ಒಂದೇ ಪ್ರಶ್ನೆ, ನಿನಗೇನಾಗಿದೆ ಅಂತ.

ಲೈಬ್ರರಿಯನ್: ತಂಗಿ, ನನಗೆ ಇದನ್ನು ಓದಿ ಸಿಟ್ಟೇ ಬಂತು. ಡ್ಯೂ ಇದೆ ಅಂತ ತಿಳಿಸಲು ಪುಸ್ತಕದ ಹೆಸರನ್ನು ಇಡೀ ಕ್ಲಾಸಿಗೆ ತೋರಿಸಬೇಕಾಗಿಲ್ಲ, ಫೋನ್ ನಂಬರ್ ಅಂತೂ ಬೇಡವೇ ಬೇಡ. ಕೊಹಾದಿಂದ ಅವರವರಿಗೇ ಇಮೇಲ್ ಹೋಗುವ ಹಾಗೆ ಮಾಡಬಹುದು, ಆದರೆ ಪಟ್ಟಿಯ ಫೋಟೋ ತೆಗೆದು ಗುಂಪಿಗೆ ಎಸೆಯುವುದು ಸುಲಭ ನೋಡಿ, ನಮ್ಮವರಿಗೆ ಅದೇ ಅಭ್ಯಾಸ. ಈಗಲೇ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ, ಯಾರಿಗೂ ಕಳಿಸಬೇಡಿ. ಆಮೇಲೆ ಹಾಕಿದವರಿಗೋ ಗುಂಪಿನ ಅಡ್ಮಿನ್‌ಗೋ ಹೇಳಿ ಅಳಿಸಿಸಿ, ತಡಮಾಡಿದರೆ ಎಲ್ಲರ ಫೋನಿನಿಂದ ಅಳಿಸಲು ವಾಟ್ಸಾಪ್ ಬಿಡುವುದಿಲ್ಲ. ಪ್ರಿನ್ಸಿಪಾಲರಿಗೆ ಬರೆದೇ ಕೊಡಿ, ಬಾಯಿಮಾತು ಸಾಲದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಪುಟ್ಟಸ್ವಾಮಿ ಕೇಸಿನಲ್ಲಿ ಹೇಳಿದೆ, ಅದನ್ನೂ ಸೇರಿಸಿ. ಮನೆಯವರಿಗೆ ಹೇಳಿ, ಪುಸ್ತಕ ಒಯ್ದದ್ದು ಯಾಕೆ ಅಂತ ಪಟ್ಟಿಯಲ್ಲಿ ಇರುವುದಿಲ್ಲ. ಅಸೈನ್‌ಮೆಂಟಿಗೆ ಒಯ್ಯುವವರಿದ್ದಾರೆ, ಗೆಳತಿಗಾಗಿ ಒಯ್ಯುವವರಿದ್ದಾರೆ. ನಿಮಗೇ ಮನಸ್ಸು ಭಾರ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ನನಗೂ ಮೆಸೇಜ್ ಮಾಡಿ.

ಬದಿಯಡ್ಕದ ತಂದೆ: ಮಕ್ಕಳು ಏನು ಓದುತ್ತಾರೆಂದು ನಮಗೆ ತಿಳಿಯಬಾರದಾ? ಫೀಸ್ ಕಟ್ಟುವುದು ನಾವು.

ಲೈಬ್ರರಿಯನ್: 18 ದಾಟಿದವರದ್ದು ನಾನು ಕೊಡುವುದಿಲ್ಲ. ಮಕ್ಕಳನ್ನೇ ಕೇಳಿ.

ಬದಿಯಡ್ಕದ ತಂದೆ: ನಮ್ಮ ಕಾಲದಲ್ಲಿ ಪುಸ್ತಕದ ಕಾರ್ಡಿನಲ್ಲೇ ಹೆಸರು ಬರೆಯುತ್ತಿದ್ದರು. ಯಾರೂ ಸಾಯಲಿಲ್ಲ.

ಉಪ್ಪಳದ ಹುಡುಗ: ಆ ಕಾರ್ಡು ಅಂಕಲ್, ನಿಮ್ಮ ಚಿಕ್ಕಪ್ಪನ ಮಗನ ಫೋನಿಗೆ ಬರುತ್ತಿರಲಿಲ್ಲ.

ಮಂಜೇಶ್ವರದವ: ನಮ್ಮಲ್ಲಿ ಮೆಂಬರ್‌ಶಿಪ್ ಫಾರಂ ಮಲಯಾಳ, ಇಂಗ್ಲಿಷ್ ಮಾತ್ರ. ಯಾವುದಕ್ಕೆ ಒಪ್ಪಿ ಸಹಿ ಹಾಕಿದೆವೋ ನಮಗೇ ಗೊತ್ತಿಲ್ಲ.

ಕುಂಬಳೆ ಓದುಗ: ಇಲ್ಲೇ ಹುಟ್ಟಿ ಮಲಯಾಳ ಓದಲು ಬಾರದಾ?

ಮಂಜೇಶ್ವರದವ: ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದನ್ನೇ ಕೇಳುತ್ತಿದ್ದೇವೆ. ನೀವೂ ಕನ್ನಡದಲ್ಲೇ ಬರೆಯುತ್ತಿದ್ದೀರಲ್ಲಾ!

ಕುಂಬಳೆ ಓದುಗ: ಬರೆದರೆ? ಎರಡೂ ಕಲಿತಿದ್ದೇನೆ. ಸುಮ್ನೆ ಎಲ್ಲದಕ್ಕೂ ಗಡಿ ಎಳೆದು ತರಬೇಡಿ.

ಲೈಬ್ರರಿಯನ್: ಮಂಜೇಶ್ವರದವರ ಮಾತಿನಲ್ಲಿ ಹುರುಳಿದೆ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಶೆಡ್ಯೂಲಿನ ಭಾಷೆಯಲ್ಲಾಗಲಿ ಓದುವ ಅವಕಾಶ ಕೊಡಬೇಕು ಎಂದು ವೈಯಕ್ತಿಕ ಮಾಹಿತಿ ರಕ್ಷಣೆಯ 2023ರ ಡೇಟಾ ಕಾನೂನಿನಲ್ಲಿದೆ. ಕನ್ನಡ ಅದರಲ್ಲಿದೆ.

ಪೆರ್ಲದ ಸಂಶೋಧಕ: ಮೇಡಂ, ಥೀಸಿಸ್ ಪ್ರಶ್ನೆ?

ಬದಿಯಡ್ಕದ ತಂದೆ: ಫಾರ್ವರ್ಡ್: "ಫಾರಂ ಮೇಲೆ 'ಒಪ್ಪಿಗೆ ಇಲ್ಲ' ಎಂದು ಬರೆದರೆ ಕಾಲೇಜು ನಿಮಗೆ 250 ಕೋಟಿ ಕೊಡಬೇಕು."

ಲೈಬ್ರರಿಯನ್: ಫಾರ್ವರ್ಡ್ ಬೇಡ ಎಂದು ಮೊದಲೇ ಹೇಳಿತ್ತು. 250 ಕೋಟಿ ಆ ಡೇಟಾ ಕಾನೂನಿನ ಅತಿ ಹೆಚ್ಚಿನ ದಂಡ, ಅದೂ ಮಾಹಿತಿಯನ್ನು ಭದ್ರವಾಗಿ ಇಡದೆ ಸೋರಲು ಬಿಟ್ಟವರಿಗೆ. ಹಣ ಸರ್ಕಾರಕ್ಕೆ ಹೋಗುತ್ತದೆ, ನಿಮಗಲ್ಲ. ನಿಯಮ ಬಂದದ್ದೇ 2025ರ ನವೆಂಬರಿನಲ್ಲಿ, ಮುಖ್ಯ ಕಲಮುಗಳ ಜಾರಿಗೆ 18 ತಿಂಗಳ ಗಡುವು. ಇಂಥದ್ದನ್ನು ಓದಿ ಫಾರಂ ಮೇಲೆ ಗೀಚಿ ತರುವವರಿಗೆ ಕಾರ್ಡೇ ಸಿಗುವುದಿಲ್ಲ, ಆಮೇಲೆ ನನ್ನ ಜೊತೆ ಜಗಳ.

ಬದಿಯಡ್ಕದ ತಂದೆ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ?

ಮಂಜೇಶ್ವರದವ: ನೀವು ಕೇಳಲಿಲ್ಲ, ಹಂಚಿದಿರಿ.

ಕುಂಬಳೆ ಓದುಗ: ಇನ್‌ಕಾಗ್ನಿಟೋ ಜೊತೆ ಫ್ರೀ ವಿಪಿಎನ್ ಹಾಕಿದರೆ ಆಗ ಸಾಕಾ ಮೇಡಂ?

ಲೈಬ್ರರಿಯನ್: ಆಗ ನಿಮ್ಮ ಇಂಟರ್ನೆಟ್ ವಿಪಿಎನ್ ಕಂಪನಿಯ ಮೂಲಕ ಹೋಗುತ್ತದೆ, ಕಾಲೇಜಿನ ಬದಲು ಅವರು ನೋಡುತ್ತಾರೆ. ಇವತ್ತಿಗೆ ಸಾಕು.