ಕೆಲಸ ಮಾಡದವರಿಗೂ ಸರ್ಕಾರ ತಿಂಗಳು ತಿಂಗಳು ದುಡ್ಡು ಕೊಡ್ಬೇಕಾ? (ಪ್ರಶ್ನೋತ್ತರ)

ಪ್ರಶ್ನೆ: ಮೇಡಂ, ನೀವು ಸಾಮಾಜಿಕ ಭದ್ರತೆ ಯೋಜನೆಗಳ ಲೆಕ್ಕಾಚಾರದಲ್ಲೇ ಇರೋರು ಅಂತ ಗೊತ್ತಾಯ್ತು, ಅದಕ್ಕೆ ನಿಮ್ಮನ್ನೇ ಕೇಳ್ತಿದೀನಿ. ಕೆಲಸ ಇಲ್ಲದೋರಿಗೆ ಸರ್ಕಾರ ಇಷ್ಟು ಅಂತ ಗ್ಯಾರಂಟಿ ಆದಾಯ ಕೊಡ್ಬೇಕು ಅಂತ ಎಲ್ಲಾ ಕಡೆ ಮಾತು ಕೇಳ್ತಿದೆ. ನಾನು ದಿನಾ ದುಡಿದು ಟ್ಯಾಕ್ಸ್ ಕಟ್ತೀನಿ, ಆ ದುಡ್ಡಲ್ಲಿ ಇನ್ನೊಬ್ರು ಕಾಲು ಚಾಚ್ಕೊಂಡು ಕೂರೋದಾ? ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತಾರಲ್ಲ, ಸರ್ಕಾರದ ಕುಡಿಕೆ ಮಾತ್ರ ಸಾಲತ್ತಾ? ಬೈಬೇಡಿ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತಿರೋದು.

ಉತ್ತರ: ಬೈಯೋದೇನಿದೆ, ಬಜೆಟ್ ಮಾಡೋರೂ ಮೊದಲು ಕೇಳೋದು ಇದನ್ನೇ. ಆದ್ರೆ ಇಲ್ಲಿ ಎರಡು ಬೇರೆ ಬೇರೆ ಯೋಜನೆಗಳು ಒಂದರೊಳಗೊಂದು ಕಲಸಿಹೋಗಿವೆ. ಒಂದು, ಕೆಲಸ ಇಲ್ಲ ಅಂತ ತೋರಿಸು ಆಮೇಲೆ ದುಡ್ಡು ತಗೋ ಅನ್ನೋದು. ಇನ್ನೊಂದು, ಕೆಲಸ ಇರ್ಲಿ ಬಿಡ್ಲಿ ಇಷ್ಟು ನಿನಗೆ ಬಂದೇ ಬರತ್ತೆ ಅನ್ನೋದು. ಕೇಳೋಕೆ ಎರಡನೇದು ಜಾಸ್ತಿ ಧಾರಾಳ ಅನ್ಸತ್ತೆ, ಆದ್ರೆ ಜನರನ್ನ ಮನೇಲಿ ಕೂರಿಸೋದು ಹೆಚ್ಚಾಗಿ ಮೊದಲನೇದು.

ಹೇಗೆ ಅಂತ ನೋಡಿ. ಒಬ್ಬಳಿಗೆ ಕೆಲಸ ಇಲ್ಲ, ತಿಂಗಳಿಗೆ 100 ಬರತ್ತೆ ಅಂತ ಇಟ್ಕೊಳಿ, ಯಾವ ದೇಶದ ದುಡ್ಡಾದ್ರೂ ಸರಿ. 130 ಸಂಬಳದ ಕೆಲಸ ಸಿಕ್ತು. ಸೇರಿದ ತಕ್ಷಣ ಆ 100 ಕಟ್. ಓಡಾಟಕ್ಕೆ 12, ಮಗೂನ ನೋಡ್ಕೊಳ್ಳೋರಿಗೆ 15, ಕೈಯಲ್ಲಿ ಉಳಿಯೋದು 103. ತಿಂಗಳಿಡೀ ದುಡಿದಿದ್ದಕ್ಕೆ ಮೊದಲಿಗಿಂತ ಜಾಸ್ತಿ ಸಿಕ್ಕಿದ್ದು ಬರೀ 3! 130ರಲ್ಲಿ 127 ಹೋಯ್ತು, ಅಂದ್ರೆ ಹತ್ರಹತ್ರ 98%, ಇಷ್ಟು ಟ್ಯಾಕ್ಸ್ ಹಾಕಿದ್ರೆ ಶ್ರೀಮಂತರು ಸುಮ್ನೆ ಇರ್ತಾರಾ ಹೇಳಿ. ಅದೂ ಮೂರು ವಾರದ ತಾತ್ಕಾಲಿಕ ಕೆಲಸ ಆಗಿದ್ರೆ ಇನ್ನೂ ಕಷ್ಟ, ಮುಗಿದ ಮೇಲೆ ಮತ್ತೆ ಫಾರಂ, ಮತ್ತೆ ದಾಖಲೆ, ಮತ್ತೆ ಮಂಜೂರಾಗೋವರೆಗೂ ಕಾಯೋದು, ಅಷ್ಟರಲ್ಲಿ ಬಾಡಿಗೆ ಕಟ್ಟೋರು ಯಾರು. ಅವಳು ಆ ಕೆಲಸ ಬೇಡ ಅಂದ್ರೆ ನಾವು ಸೋಮಾರಿ ಅಂತೀವಿ, ಅವಳು ಲೆಕ್ಕ ಹಾಕಿರ್ತಾಳೆ ಅಷ್ಟೇ.

ಫಿನ್ಲೆಂಡ್ ಇದನ್ನೇ ಪರೀಕ್ಷೆ ಮಾಡ್ತು. 2017, 2018 ಎರಡು ವರ್ಷ, ನಿರುದ್ಯೋಗ ಭತ್ಯೆ ತಗೋತಿದ್ದ 2,000 ಜನರನ್ನ ಚೀಟಿ ಎತ್ತಿದ ಹಾಗೆ ಆರಿಸಿ ತಿಂಗಳಿಗೆ 560 ಯೂರೋ ಕೊಟ್ರು, ಕೆಲಸ ಸಿಕ್ಕಿದ್ರೂ ಅದು ನಿಲ್ತಿರ್ಲಿಲ್ಲ. ಜನ ಮಲಗಿಬಿಟ್ರಾ? ಇಲ್ಲ. 2017ರ ನವೆಂಬರಿಂದ 2018ರ ಅಕ್ಟೋಬರ್‌ವರೆಗಿನ ಲೆಕ್ಕದಲ್ಲಿ ಅವರು ಸರಾಸರಿ 78 ದಿನ ಕೆಲಸ ಮಾಡಿದ್ರು, ಉಳಿದ ನಿರುದ್ಯೋಗಿಗಳಿಗಿಂತ 6 ದಿನ ಜಾಸ್ತಿ. ಅದನ್ನ ದೊಡ್ಡ ಗೆಲುವು ಅಂತ ಕುಣಿಯೋ ಹಾಗೂ ಇಲ್ಲ, ಯಾಕಂದ್ರೆ 2018ರಲ್ಲಿ ಅಲ್ಲಿನ ಸರ್ಕಾರ ನಿರುದ್ಯೋಗ ಭತ್ಯೆ ನಿಯಮಗಳನ್ನೇ ಬಿಗಿ ಮಾಡ್ತು, ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳೋದು ಕಷ್ಟ ಆಯ್ತು. ಮನಸ್ಸಿನ ನೆಮ್ಮದಿ, ಸರ್ಕಾರದ ಮೇಲಿನ ನಂಬಿಕೆ ಎರಡರಲ್ಲೂ ಮಾತ್ರ ಅವರು ಮುಂದಿದ್ರು.

ಪ್ರಶ್ನೆ (ಇನ್ನೊಬ್ಬರು): ಹಾಗಾದ್ರೆ ಯಾರೂ ಕೆಲಸ ಬಿಡೋದೇ ಇಲ್ಲ ಅಂತೀರಾ? ನಂಬೋಕೆ ಕಷ್ಟ ಮೇಡಂ. ತಿಂಗಳಿಗೆ ದುಡ್ಡು ಬಿದ್ರೆ ನಾನೇ ಕೆಲಸ ಬಿಡ್ತೀನಿ 😄

ಉತ್ತರ: ಹಾಗೆ ನಾನು ಹೇಳೇ ಇಲ್ಲ. ಕಡಿಮೆ ಆಗತ್ತೆ, ಸ್ವಲ್ಪ ಆಗತ್ತೆ, ಅದನ್ನ ಮುಚ್ಚಿಡೋ ಬೆಂಬಲಿಗರ ಮೇಲೆ ನನಗೂ ಬೇಜಾರಿದೆ. ಅಮೆರಿಕದಲ್ಲಿ ಟೆಕ್ಸಾಸ್, ಇಲಿನಾಯ್ ರಾಜ್ಯಗಳಲ್ಲಿ 1,000 ಜನ ಕಡಿಮೆ ಆದಾಯದೋರಿಗೆ ಮೂರು ವರ್ಷ ತಿಂಗಳಿಗೆ 1,000 ಡಾಲರ್ ಕೊಟ್ಟು ನೋಡಿದ್ರು, 2024ರಲ್ಲಿ ಫಲಿತಾಂಶ ಬಂತು. ಕೆಲಸದಲ್ಲಿ ಇರೋರ ಪ್ರಮಾಣ 2 ಪರ್ಸೆಂಟೇಜ್ ಪಾಯಿಂಟ್ ಇಳೀತು, ವಾರಕ್ಕೆ ಸರಾಸರಿ 1.3 ಗಂಟೆ ಕೆಲಸ ಕಡಿಮೆ ಆಯ್ತು. ಜರ್ಮನಿಯಲ್ಲಿ 122 ಜನಕ್ಕೆ ಮೂರು ವರ್ಷ ತಿಂಗಳಿಗೆ 1,200 ಯೂರೋ ಕೊಟ್ಟಾಗ ಕೆಲಸದ ಗಂಟೆ ಇಳೀಲೇ ಇಲ್ಲ, ಆದ್ರೆ ಅದು ಸಣ್ಣ ಗುಂಪು, ಒಂಟಿಯಾಗಿರೋರು, ಸುಮಾರು ಮಟ್ಟದ ಸಂಬಳ ಇದ್ದೋರು.

ಯಾರು ಬಿಡ್ತಾರೆ ಅನ್ನೋದು ನನಗೆ ಎಷ್ಟು ಬಿಡ್ತಾರೆ ಅನ್ನೋದಕ್ಕಿಂತ ಮುಖ್ಯ. ಕೆನಡಾದ ಮ್ಯಾನಿಟೋಬಾದಲ್ಲಿ ಡಾಫಿನ್ ಅಂತ ಊರು, 1974ರಿಂದ ಕೆಲವು ವರ್ಷ ಅಲ್ಲಿ ಯಾರ ಆದಾಯವೂ ಒಂದು ಮಟ್ಟಕ್ಕಿಂತ ಕೆಳಗೆ ಬೀಳದ ಹಾಗೆ ದುಡ್ಡು ತುಂಬಿಸಿ ಕೊಟ್ರು. ಆಮೇಲೆ ರಾಜಕೀಯ ಬದಲಾಯ್ತು, ದುಡ್ಡು ಮುಗೀತು, ಕಾಗದಪತ್ರ ಎಲ್ಲ ಪೆಟ್ಟಿಗೆಗೆ ಹೋಗಿ ವರ್ಷಾನುಗಟ್ಟಲೆ ಹಾಗೇ ಬಿದ್ದಿತ್ತು (ಸರ್ಕಾರಿ ಪ್ರಯೋಗಗಳ ಹಣೆಬರಹ ಎಲ್ಲಾ ಕಡೆ ಒಂದೇ). ಎವೆಲಿನ್ ಫರ್ಗೆಟ್ ಅನ್ನೋ ಅರ್ಥಶಾಸ್ತ್ರಜ್ಞೆ ಆರೋಗ್ಯ ದಾಖಲೆಗಳನ್ನ ಹುಡುಕಿ ನೋಡಿದಾಗ ಆಸ್ಪತ್ರೆ ಸೇರೋದು 8.5% ಕಡಿಮೆ ಆಗಿತ್ತು, ಹೈಸ್ಕೂಲ್ ಕೊನೇ ವರ್ಷದವರೆಗೂ ಓದು ಮುಂದುವರಿಸಿದ ಹುಡುಗರು ಜಾಸ್ತಿ ಆಗಿದ್ರು. ಗಮನಿಸಿ, ಹದಿನೇಳರ ಹುಡುಗ ದುಡಿಯೋದು ಬಿಟ್ಟು ಓದೋಕೆ ಕೂತ್ರೆ ಅಂಕಿಅಂಶದಲ್ಲಿ ಅದೂ ಕೆಲಸ ಬಿಟ್ಟೋರ ಲೆಕ್ಕಕ್ಕೇ ಬರತ್ತೆ. ಎಳೇ ಮಗು ಇರೋ ತಾಯಿ ಇನ್ನಾರು ತಿಂಗಳು ಮನೇಲಿದ್ರೆ ಅದೂ ಅಷ್ಟೇ. ನೀವು ನಗುಮುಖ ಹಾಕಿ ಬಿಡ್ತೀನಿ ಅಂದ್ರಿ, ಬರೋ ಮೊತ್ತ ನಿಮ್ಮ ಸಂಬಳದ ಕಾಲುಭಾಗ ಅಂದ್ರೆ ಬಿಡ್ತೀರಾ?

ಪ್ರಶ್ನೆ (ಮೊದಲನೇ ಪ್ರಶ್ನೆ ಕೇಳಿದವರು): ಒಪ್ಕೊಂಡೆ ಅಂತಾನೇ ಇಟ್ಕೊಳಿ. ದುಡ್ಡೆಲ್ಲಿಂದ? ಎಲ್ರಿಗೂ ಕೊಟ್ರೆ ಬೆಲೆ ಏರಿ ಎಲ್ಲಾ ಮತ್ತೆ ಅಲ್ಲಿಗೇ ಬರಲ್ವಾ?

ಉತ್ತರ: ಇದೇ ನೋಡಿ ನಿಜವಾದ ತೊಡಕು, ಸೋಮಾರಿತನ ಅಲ್ಲ. ಪ್ರತಿಯೊಬ್ಬರಿಗೂ ದೇಶದ ತಲಾ ಆದಾಯದ ಕಾಲು ಭಾಗ ಕೊಡ್ತೀವಿ ಅಂದ್ರೆ ಖರ್ಚು ದೇಶದ ಒಟ್ಟು ಆದಾಯದ 25%, ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಶ್ರೀಮಂತ ದೇಶಗಳು ಎಲ್ಲಾ ತೆರಿಗೆ ಸೇರಿ ಎತ್ತೋದೇ ಸರಾಸರಿ 34%ರ ಆಸುಪಾಸು, ಬಡ ದೇಶಗಳಲ್ಲಿ ಎಷ್ಟೋ ಕಡೆ 15% ದಾಟೋದೇ ಕಷ್ಟ. ಶಾಲೆ, ಆಸ್ಪತ್ರೆ, ರಸ್ತೆ, ಪೊಲೀಸ್ ಎಲ್ಲಾ ಅದರಲ್ಲೇ ನಡೀಬೇಕು. ಕೊಟ್ಟಿದ್ದರಲ್ಲಿ ಅನುಕೂಲಸ್ಥರ ಕೈಗೆ ಹೋಗಿದ್ದು ತೆರಿಗೆಯಾಗಿ ವಾಪಸ್ ಬರತ್ತೆ ಅಂತ ಬೆಂಬಲಿಗರು ಹೇಳೋದು ಸುಳ್ಳಲ್ಲ, ಆದ್ರೆ ಆ ತೆರಿಗೆಗೆ ಮತ ಹಾಕೋರು ಬೇಕಲ್ಲ. ಸ್ವಿಟ್ಜರ್ಲೆಂಡಲ್ಲಿ 2016ರ ಜೂನಲ್ಲಿ ಎಲ್ರಿಗೂ ಆದಾಯ ಕೊಡೋಣ್ವಾ ಅಂತ ಜನಮತ ಕೇಳಿದ್ರು, ಸುಮಾರು 77% ಜನ ಬೇಡ ಅಂದ್ರು. ಅಲಾಸ್ಕಾ 1982ರಿಂದ ಮಗುವಿಂದ ಹಿಡಿದು ಮುದುಕರವರೆಗೂ ಎಲ್ರಿಗೂ ಕೊಡ್ತಿದೆ, ಆದ್ರೆ ಅದು ಎಣ್ಣೆ ದುಡ್ಡಿನ ನಿಧಿಯಿಂದ, ವರ್ಷಕ್ಕೆ ಒಂದೇ ಸಲ, ಅದರಲ್ಲಿ ಯಾರೂ ಜೀವನ ಮಾಡೋಕಾಗಲ್ಲ.

ಬೆಲೆ ವಿಷಯ: ತೆರಿಗೆ ಎತ್ತಿ ಕೊಟ್ರೆ ದುಡ್ಡು ಒಂದು ಜೇಬಿಂದ ಇನ್ನೊಂದು ಜೇಬಿಗೆ ಹೋಗತ್ತೆ, ನೋಟು ಮುದ್ರಿಸಿ ಕೊಟ್ರೆ ಆಗೋ ಥರ ಬೆಲೆ ಏರಲ್ಲ. ಇರಾನಿನ ಕಥೆಯಲ್ಲಿ ತಲೆ ಕೆಡಿಸ್ಕೋಬೇಕಾಗಿರೋದು ಬೇರೆ. 2010ರ ಕೊನೇಲಿ ಪೆಟ್ರೋಲ್ ಮೇಲಿನ, ರೊಟ್ಟಿ ಮೇಲಿನ ಸಬ್ಸಿಡಿ ಕಡಿದು ಬಹುತೇಕ ಎಲ್ರ ಖಾತೆಗೂ ತಲೆಗೆ ತಿಂಗಳಿಗೆ 4,55,000 ರಿಯಾಲ್ ಹಾಕೋಕೆ ಶುರು ಮಾಡಿದ್ರು, ಆಗ ಅದು ಬಡವರಿಗೆ ದೊಡ್ಡ ಮೊತ್ತವೇ. ಆಮೇಲೆ ವರ್ಷಗಟ್ಟಲೆ ಬೆಲೆ ಏರ್ತಾ ಹೋಯ್ತು, ಮೊತ್ತ ಮಾತ್ರ ಅಷ್ಟೇ ಇತ್ತು, ಕೊನೆಗೆ ಸವೆದು ಸವೆದು ಚಿಲ್ಲರೆ ಆಯ್ತು. ಯೋಜನೆಯನ್ನ ಯಾರೂ ರದ್ದು ಮಾಡ್ಲಿಲ್ಲ, ಹೋರಾಟಾನೂ ಇಲ್ಲ, ತಾನಾಗೇ ಕರಗಿತು. ಬೆಲೆ ಏರಿಕೆಗೆ ತಕ್ಕ ಹಾಗೆ ಮೊತ್ತ ಏರತ್ತೆ ಅಂತ ಕಾನೂನಲ್ಲೇ ಬರೀದೇ ಇದ್ರೆ ಗ್ಯಾರಂಟಿ ಅನ್ನೋ ಪದಕ್ಕೆ ಬೆಲೆ ಇಲ್ಲ.

ಹಾಗಾಗಿ ನನ್ನ ವೃತ್ತಿಯ ಅಭಿಪ್ರಾಯ ಕೇಳಿದ್ರೆ, ಎಲ್ರಿಗೂ ಪೂರ್ತಿ ಆದಾಯ ಬೇಡ. ಕೆಳಗೆ ಒಂದು ನೆಲಗಟ್ಟು ಇರ್ಲಿ, ದುಡಿಮೆ ಏರಿದ ಹಾಗೆ ನಿಧಾನಕ್ಕೆ ಕಡಿಮೆ ಆಗ್ಲಿ. ಮುಕ್ತ ಮಾರುಕಟ್ಟೆ ಪರ ಇದ್ದ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1962ರಲ್ಲೇ ಹೇಳಿದ್ದು ಹೆಚ್ಚೂಕಡಿಮೆ ಇದೇ, ಅವರೇನು ಎಡಪಂಥದೋರಲ್ಲ. ಮೇಲಿನ ಹೆಣ್ಣುಮಗಳ ಲೆಕ್ಕಕ್ಕೇ ಹಾಕಿ: ದುಡಿದ ಪ್ರತಿ 2ಕ್ಕೆ 1 ಕಟ್ ಅಂದ್ರೆ 130 ಸಂಬಳಕ್ಕೆ 100ರಲ್ಲಿ 65 ಹೋಗಿ 35 ಉಳಿಯತ್ತೆ, ಒಟ್ಟು 165, ಓಡಾಟ ಮಗು ಖರ್ಚು 27 ಕಳೆದ್ರೆ 138. ಕೂತ್ರೆ 100, ಹೋದ್ರೆ 138. ಹೋಗ್ತಾಳೆ. ಪುಕ್ಕಟೆ ಅಲ್ಲ ಇದು, ಹೀಗೆ ನಿಧಾನಕ್ಕೆ ಕಟ್ ಮಾಡಿದ್ರೆ 200 ದುಡಿಯೋವರೆಗೂ ಸ್ವಲ್ಪ ಸ್ವಲ್ಪ ಸಿಗ್ತಾನೇ ಇರತ್ತೆ, ಫಲಾನುಭವಿಗಳು ಜಾಸ್ತಿ ಆಗ್ತಾರೆ, ಖರ್ಚೂ ಏರತ್ತೆ. ಬ್ರಿಟನ್ 2021ರಲ್ಲಿ ತನ್ನ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ಆದಾಯದೋರಿಗೆ, ಕೆಲಸ ಇಲ್ಲದೋರಿಗೆ ಕೊಡೋ ನೆರವು) ಕಡಿತದ ದರವನ್ನ 63%ರಿಂದ 55%ಗೆ ಇಳಿಸ್ತು, ಜಗಳ ಎಲ್ಲಾ ನಡಿಯೋದು ಈ ಒಂದು ಸಂಖ್ಯೆ ಮೇಲೆ, ಟೀವಿ ಚರ್ಚೆಯಲ್ಲಿ ಮಾತ್ರ ಇದರ ಸುದ್ದಿನೇ ಇರಲ್ಲ.

ಪ್ರಶ್ನೆ (ಮತ್ತೊಬ್ಬರು): ದುಡ್ಡು ಯಾಕೆ, ಕೆಲಸಾನೇ ಕೊಡ್ಲಿ. ಮರ್ಯಾದೆನೂ ಉಳಿಯತ್ತೆ.

ಉತ್ತರ: ಕೈಕಾಲು ಗಟ್ಟಿ ಇರೋರಿಗೆ, ಹೊರಗೆ ಬರೋಕಾಗೋರಿಗೆ ಒಳ್ಳೇದೇ. ಭಾರತ 2005ರ ಕಾನೂನಲ್ಲಿ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 100 ದಿನ ಅಂತ ಮಾಡಿದ್ದು ಇದೇ ಯೋಚನೆ, ನಿಜವಾಗ್ಲೂ ಬೇಕಾದೋರು ತಾವೇ ಬಂದು ಕೇಳ್ತಾರೆ, ಬೇಡದೋರು ಬರಲ್ಲ, ಅದು ಅದರ ಜಾಣತನ. ಆದ್ರೆ ಕೆಲಸ ಹುಡುಕೋಕೆ, ಸಲಕರಣೆಗೆ, ಮೇಲ್ವಿಚಾರಣೆಗೆ, ಹಾಜರಿ ಪರಿಶೀಲನೆಗೆ ಎಲ್ಲಾ ದುಡ್ಡು ಬೇಕು. ಹಾಸಿಗೆ ಹಿಡಿದೋರನ್ನ ನೋಡ್ಕೊಳ್ಳೋರು ಯಾವ ಗುಂಡಿ ತೋಡೋಕೆ ಬರ್ತಾರೆ?

ಪ್ರಶ್ನೆ (ಇನ್ನೊಬ್ಬರು): ಕೊನೇ ಸಾಲು ಓದಿ ಬರೀತಿದೀನಿ. ನಾನು ಅತ್ತೆಯನ್ನ ನೋಡ್ಕೊಳ್ಳೋಕೆ ಕೆಲಸ ಬಿಟ್ಟೋಳು, ಮನೆಯಿಂದ ಚೂರುಪಾರು ಟೈಪಿಂಗ್ ಮಾಡ್ತೀನಿ. ಯಾವ ಲೆಕ್ಕದಲ್ಲಿ ನಾನು ಕೆಲಸ ಮಾಡದವಳು?

ಉತ್ತರ: ಸರ್ಕಾರಗಳ ಲೆಕ್ಕದಲ್ಲಿ ಮಾತ್ರ. ಇಂಥ ಆರೈಕೆಗೆ ಭತ್ಯೆ ಕೊಡೋ ದೇಶಗಳಿವೆ, ಅಲ್ಲೂ ನಾನು ಮೇಲೆ ಹೇಳಿದ, ದುಡಿದ್ರೆ ಭತ್ಯೆ ಕಟ್ ಆಗೋ ಬಲೆ ಇದೆ. ಬ್ರಿಟನ್ನಲ್ಲಿ ವಾರಕ್ಕೆ ಕನಿಷ್ಠ 35 ಗಂಟೆ ಆರೈಕೆ ಮಾಡೋರಿಗೆ ಭತ್ಯೆ ಇದೆ, ಜೊತೆಗೆ ನಿಮ್ಮ ಹಾಗೆ ಸ್ವಲ್ಪ ದುಡೀಬಹುದು, ಆದ್ರೆ ಮಿತಿಗಿಂತ ಒಂದೇ ಒಂದು ಪೌಂಡ್ ಜಾಸ್ತಿ ಆದ್ರೂ ಆ ವಾರದ ಪೂರ್ತಿ ಭತ್ಯೆ ಹೋಗತ್ತೆ, ನಿಧಾನಕ್ಕೆ ಕಡಿತ ಅನ್ನೋದೇ ಇಲ್ಲ. ಗೊತ್ತಿಲ್ಲದೇ ದಾಟಿದೋರಿಗೆ ಎಷ್ಟೋ ತಿಂಗಳಾದ ಮೇಲೆ ಎಲ್ಲಾ ಒಟ್ಟಿಗೆ ವಾಪಸ್ ಕಟ್ಟಿ ಅಂತ ನೋಟಿಸ್ ಹೋಗಿ ಸಾವಿರಾರು ಪೌಂಡ್ ಸಾಲ ತಲೆ ಮೇಲೆ ಬಿದ್ದು ದೊಡ್ಡ ಗಲಾಟೆ ಆಯ್ತು. 2025ರ ಏಪ್ರಿಲಲ್ಲಿ ಮಿತಿಯನ್ನ ವಾರಕ್ಕೆ 196 ಪೌಂಡ್‌ಗೆ ಏರಿಸಿದ್ರು. ನಿಮ್ಮ ಕಡೆ ಇಂಥದ್ದೇನಾದ್ರೂ ಬಂದ್ರೆ ಎಷ್ಟು ಕೊಡ್ತಾರೆ ಅಂತ ನೋಡೋಕೆ ಮೊದಲು, ಟೈಪಿಂಗಿಂದ ಬಂದ ಮೊದಲನೇ ದುಡ್ಡಿಗೆ ಎಷ್ಟು ಕಟ್ ಮಾಡ್ತಾರೆ ಅಂತ ಕೇಳಿ, ಅದನ್ನ ಬರವಣಿಗೆಯಲ್ಲೇ ತಗೊಳಿ.